ಎರಡು ಬಾಲದ ಸಾಕ್ಷಿ: ಏಳನೆಯ ಕಂತು

“ಇವು ಮಡುವಿನ ಹುಳಗಳು,” ಎಂದರು ಮೇಷ್ಟ್ರು, ಮೈಕ್ರೋಸ್ಕೋಪಿನಿಂದ ತಲೆ ಎತ್ತದೆಯೇ. “ಕ್ಷಮಿಸು ಮಗಳೇ. ಈ ವಯಸ್ಸಲ್ಲಿ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ.”

ಅದು ಠಾಣೆಯ ಹಿಂದಿನ ಕೋಣೆ. ಅಂಗಳದಲ್ಲಿ ಕೈದಿಗಳನ್ನು ಒಯ್ಯುವ ವ್ಯಾನಿನ ಎಂಜಿನ್ನು ಗೊರಗೊರ ಎನ್ನುತ್ತಿತ್ತು.

ಆ ವ್ಯಾನು ಕಾಯುತ್ತಿದ್ದುದು ಹುಳದಕ್ಕನ ತಮ್ಮನಿಗಾಗಿ. ತೂಬು ಕಾಯುವ ಅವನು ಹೊಳೆಯ ಕಾವಲುಗಾರನನ್ನು ತೂಬಿನ ಮಡುವಿಗೆ ನೂಕಿ ಕೊಂದ ಎಂಬುದು ಪೊಲೀಸರ ಕಥೆ. ಸತ್ತವನ ಕಾಲುಚೀಲದಲ್ಲಿ ಸಿಕ್ಕ ಹುಳಗಳು ಆ ಕಥೆಯನ್ನು ಸುಳ್ಳು ಮಾಡುತ್ತವೆ ಎಂಬುದು ಅಕ್ಕನ ಹಟ.

ಹುಳದಕ್ಕ ಎಂಬುದು ಊರು ಇಟ್ಟ ಹೆಸರು. ಹೊಳೆ ಹಳ್ಳಗಳ ಕಲ್ಲಡಿಯಿಂದ ಮೇಫ್ಲೈ ಎಂಬ ನೀರುಹುಳದ ಮರಿಗಳನ್ನು ಹಿಡಿದು, ಇದು ಯಾವ ಜಾತಿ, ಇದು ಬದುಕುವ ನೀರು ಎಂಥದು ಎಂದು ಗುರುತಿಸುವುದು ಅವಳ ಕೆಲಸ. ರೆಕ್ಕೆ ಬಂದ ಮೇಲೆ ಒಂದೆರಡು ದಿನ ಹಾರಾಡಿ ಸಾಯುವ ಈ ಹುಳ, ಮರಿಯಾಗಿ ನೀರಿನೊಳಗೆ ತಿಂಗಳುಗಟ್ಟಲೆ ಬಾಳುತ್ತದೆ. ಆದರೆ ಎಲ್ಲ ನೀರೂ ಎಲ್ಲ ಮರಿಗೂ ಒಗ್ಗುವುದಿಲ್ಲ. ರಭಸದ ತಣ್ಣೀರಿನಲ್ಲಿ ಕಲ್ಲನ್ನು ಅವುಚಿಕೊಂಡು ಬದುಕುವ ಮರಿ ಕಲ್ಲಂಗಡಿ ಬೀಜದಂತೆ ಚಪ್ಪಟೆ. ಅದಕ್ಕೆ ಬಾಲ ಎರಡು. ನಿಂತ ಮಡುವಿನ ಪಾಚಿಯಲ್ಲಿ ಈಜಾಡುವ ಮರಿ ಅಕ್ಕಿಕಾಳಿನಂತೆ ಸಪೂರ. ಅದಕ್ಕೆ ಬಾಲ ಮೂರು.

ಕಾಲುಚೀಲದಿಂದ ತೆಗೆದು ಆಸ್ಪತ್ರೆಯವರು ಅವಳಿಗೆ ಕೊಟ್ಟ ಹುಳಗಳು ಚಪ್ಪಟೆ, ಎರಡು ಬಾಲದವು. ಅಂದರೆ ಕಾವಲುಗಾರ ಮುಳುಗಿದ್ದು ಮಡುವಿನಲ್ಲಲ್ಲ. ಬಹಳ ಮೇಲೆ, ನೀರು ಸರಬರಾಜಿನವರ ಬೇಲಿಯೊಳಗಿನ ಕಲ್ಲುಹೊಳೆಯಲ್ಲಿ. ಆ ಬೇಲಿಯ ಬೀಗದ ಕೈ ತಮ್ಮನ ಬಳಿ ಎಂದೂ ಇದ್ದದ್ದಿಲ್ಲ.

ಹಾಗಂತ ಅವಳು ಮೊನ್ನೆ ಇದೇ ಕೋಣೆಯಲ್ಲಿ, ಇದೇ ಮೂವರ ಮುಂದೆ ಹೇಳಿದ್ದಳು. ಇನ್ಸ್‌ಪೆಕ್ಟರು, ಹೆಣ ಕೊಯ್ದ ಡಾಕ್ಟರು, ಮತ್ತು ಅವಳಿಗೆ ಈ ವಿದ್ಯೆ ಕಲಿಸಿದ ಮೇಷ್ಟ್ರು. “ನನ್ನ ಮಾತು ನಂಬಬೇಡಿ, ಸೀಸೆ ತರ್ತೀನಿ, ಬಾಲ ಎಣಿಸಿಕೊಳ್ಳಿ” ಎಂದೂ ಹೇಳಿದ್ದಳು.

“ಬಾಲ ಎರಡೇ ಇವೆ, ನಿಜ,” ಎಂದು ಮೇಷ್ಟ್ರು ಕನ್ನಡಕ ಹುಡುಕಿ ಹಾಕಿಕೊಂಡರು. ವಯಸ್ಸಾಗಿ ಅವರ ಕೈ ಸದಾ ನಡುಗುತ್ತಿತ್ತು. ಅದಕ್ಕೇ ಹುಳಗಳನ್ನು ಗಾಜಿನ ಮೇಲೆ ಜೋಡಿಸಿಕೊಟ್ಟಿದ್ದು ಡಾಕ್ಟರು. “ಆದ್ರೆ ಮೈ ನೋಡು, ಸಪೂರ. ಸ್ಪಿರಿಟ್‌ನಲ್ಲಿ ಬಾಲ ಉದುರುತ್ತೆ ಅಂತ ನಾನೇ ತಾನೇ ಹೇಳಿಕೊಟ್ಟಿದ್ದು? ಮೂರರಲ್ಲಿ ಒಂದು ಉದುರಿದೆ. ನೀನು ಎರಡು ಅಂತ ಎಣಿಸಿದೀಯ. ಒಡಹುಟ್ಟಿದವನ ಮೇಲಿನ ಆಸೆ ಎಂಥ ಕಣ್ಣಿಗೂ ಪೊರೆ ತರಿಸುತ್ತೆ.”

ಇನ್ಸ್‌ಪೆಕ್ಟರು ಟೋಪಿ ಎತ್ತಿಕೊಂಡರು. “ಮುಗೀತಲ್ಲ. ಹುಡುಗನ್ನ ಹತ್ತಿಸಿ.”

“ಮುಗಿದಿಲ್ಲ,” ಎಂದಳು ಹುಳದಕ್ಕ. “ನಾನಿನ್ನೂ ನೋಡಿಲ್ಲ.”

“ಅಮ್ಮಾ, ನಿಮ್ಮ ಗುರುಗಳೇ ಹೇಳಿದ ಮೇಲೆ...”

“ಗುರುಗಳಿಗೆ ಆಮೇಲೆ ಕಾಲು ಮುಟ್ಟಿ ನಮಸ್ಕಾರ ಮಾಡ್ತೀನಿ. ಮೊದಲು ಸ್ವಲ್ಪ ಸರೀರಿ.”

ಅವಳು ಕಣ್ಣಿಟ್ಟಾಗ ಕಂಡ ದುಂಡು ಬೆಳಕು ಒಂದು ಚಂದ್ರನಲ್ಲ, ಎರಡು. ಜೋಡಿ ಕೊಳವೆಯ ಮೈಕ್ರೋಸ್ಕೋಪು ನೋಡುವವರ ಕಣ್ಣಿನ ಅಂತರಕ್ಕೆ ಸರಿಯಾಗಿ ಕೂಡಬೇಕು. ಮೇಷ್ಟ್ರದು ಅಗಲ ಮುಖ. ಎರಡು ಕಣ್ಣಿನ ನಡುವೆ ಇನ್ನೊಂದು ಮೂಗು ಕೂರಿಸಬಹುದು ಎಂದು ಕಲಿಯುವ ಕಾಲದಲ್ಲಿ ಎಲ್ಲರೂ ಅವರನ್ನು ಆಡಿಕೊಳ್ಳುತ್ತಿದ್ದರು. ಅವಳು ಎಂದಿನಂತೆ ಕೊಳವೆಗಳನ್ನು ಒತ್ತಿ ಹತ್ತಿರ ತಂದಳು. ಎರಡು ಚಂದ್ರರು ಒಂದಾದರು.

ಆ ಬೆಳಕಿನಲ್ಲಿ ಮಲಗಿದ್ದವು ಅವಳ ಹುಳಗಳಲ್ಲ.

ಕಲ್ಲಂಗಡಿ ಬೀಜಗಳಿದ್ದ ಜಾಗದಲ್ಲಿ ಅಕ್ಕಿಕಾಳುಗಳು. ಸೀಸೆ ತನ್ನದೇ. ಮುಚ್ಚಳಕ್ಕೆ ಸುತ್ತಿದ ದಾರವೂ ತನ್ನದೇ. ಒಳಗಿನ ಜೀವ ಮಾತ್ರ ಬೇರೆ. ಮೇಷ್ಟ್ರು ಹೇಳಿದ್ದರಲ್ಲಿ ತಪ್ಪಿಲ್ಲ, ಇವು ಮಡುವಿನವೇ. ಹಾಗಾದರೆ ತಾನು ನೋಡಿದ್ದು? ಆಸೆಗಣ್ಣಿನಿಂದಲೇ ನೋಡಿದೆನೇ?

ಆಸೆಗಣ್ಣಿಗೆ ಬಾಲ ಹೆಚ್ಚು ಕಡಿಮೆ ಕಾಣಬಹುದು. ಸಪೂರವಾದದ್ದು ಚಪ್ಪಟೆಯಾಗಿ ಕಾಣುವುದಿಲ್ಲ.

ಅವಳು ಸೂಜಿಯ ಮೊನೆಯಿಂದ ಒಂದು ಹುಳವನ್ನು ತಿರುವಿದಳು. ಬುಡದಲ್ಲಿ ಎರಡು ಬಾಲಗಳ ನಡುವೆ ಒಂದು ಮೊಂಡು ಚೂರು. ಇನ್ನೊಂದನ್ನು ತಿರುವಿದಳು. ಮತ್ತೊಂದನ್ನು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡಳು.

“ಇನ್ಸ್‌ಪೆಕ್ಟರೇ, ಬನ್ನಿ. ಮೀಸೆ ಗಾಜಿಗೆ ತಾಗದ ಹಾಗೆ ನೋಡಿ.”

“ನನಗೇನು ಗೊತ್ತಾಗುತ್ತೆ ಹುಳದ ಸಮಾಚಾರ?”

“ಕಳ್ಳತನದ ಸಮಾಚಾರ ಗೊತ್ತಲ್ಲ, ಸಾಕು. ಮೊದಲನೇದಕ್ಕೆ ಯಾವ ಬಾಲ ಇಲ್ಲ?”

ಇನ್ಸ್‌ಪೆಕ್ಟರು ಒಂದು ಕಣ್ಣು ಮುಚ್ಚಿ ಬಗ್ಗಿದರು. “ನಡುವಿನದು.”

“ಅದರ ಪಕ್ಕದ್ದಕ್ಕೆ?”

“ನಡುವಿನದೇ.”

“ಅದರಾಚೆ?”

ಇನ್ಸ್‌ಪೆಕ್ಟರು ಗಾಜನ್ನು ತಾವೇ ಒಂದಿಷ್ಟು ಸರಿಸಿದರು. ಮತ್ತೆ ಸರಿಸಿದರು. “ಎಲ್ಲದಕ್ಕೂ ನಡುವಿನದೇ ಇಲ್ಲ.”

“ಉದುರೋ ಬಾಲ ಹಾಗೆ ಉದುರಲ್ಲ ಸ್ವಾಮೀ. ಒಂದಕ್ಕೆ ಎಡಗಡೆದು ಹೋಗುತ್ತೆ, ಒಂದಕ್ಕೆ ತುದಿ ಮುರಿಯುತ್ತೆ, ಒಂದಕ್ಕೆ ಮೂರೂ ಬೋಳು. ಇಲ್ಲಿ ಎಲ್ಲದಕ್ಕೂ ನಡುವಿನದೇ, ಎಲ್ಲದಕ್ಕೂ ಒಂದೇ ಅಳತೆಗೆ, ಹಜಾಮ ಕ್ರಾಪು ಹೊಡೆದ ಹಾಗೆ. ಸಾವಿಗೆ ಇಷ್ಟು ಶಿಸ್ತಿರಲ್ಲ. ಇದು ಕತ್ತರಿ ಕೆಲಸ.”

ಇನ್ಸ್‌ಪೆಕ್ಟರು ನಕ್ಕರು, ಆದರೆ ನಗೆ ಮೀಸೆಯ ಆಚೆ ದಾಟಲಿಲ್ಲ. “ಬಾಲ ಬಿಚ್ಚಿದ ಮನುಷ್ಯರದ್ದು ಕತ್ತರಿಸೋದು ನೋಡಿದೀನಿ. ಹುಳದ ಬಾಲ ಯಾರಮ್ಮ ಕತ್ತರಿಸ್ತಾರೆ?”

“ನಾನು ಎರಡು ಬಾಲ ಅಂದಿದ್ದು ಕೇಳಿಸಿಕೊಂಡೋರು. ಮೂರು ಬಾಲದ್ದನ್ನ ಹಾಗೇ ಸೀಸೆಗೆ ಹಾಕಿದ್ರೆ ನಾನು ಅಲ್ಲೇ ಕೂಗ್ತಿದ್ದೆ, ಬದಲಾಯಿಸಿದಾರೆ ಅಂತ. ಈಗ ನೋಡಿ, ಬಾಲದ ಲೆಕ್ಕ ಸರಿಹೋಯ್ತು, ತಪ್ಪು ನನ್ನ ತಲೆಗೆ ಬಂತು.”

ಮೇಷ್ಟ್ರು ಮತ್ತೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. “ಹೌದಲ್ಲ,” ಎಂದರು ಮೆಲ್ಲಗೆ. “ಕತ್ತರಿಸಿದ್ದೇ. ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮುದಿಯಾದೆ ಮಗಳೇ, ಕೈ ಹೋಗಿತ್ತು, ಈಗ ಕಣ್ಣೂ ಹೋಯ್ತು.”

ತುಂಬಿದ ಸಭೆಯಲ್ಲಿ ಸೋತೆನೆಂದು ಒಪ್ಪಿಕೊಳ್ಳುವ ದೊಡ್ಡತನ ಎಷ್ಟು ಜನಕ್ಕಿದೆ ಎಂದುಕೊಂಡಳು ಹುಳದಕ್ಕ.

ಇನ್ಸ್‌ಪೆಕ್ಟರಿಗೆ ಆ ದೊಡ್ಡತನ ಇರಲಿಲ್ಲ. “ಸರಿ, ಕತ್ತರಿಸಿದಾರೆ ಅಂತಾನೇ ಇಟ್ಕೊಳ್ಳೋಣ. ಸೀಸೆ ಎಲ್ಲಿತ್ತು? ನಿಮ್ಮ ಮನೆ ಬೀರುವಿನಲ್ಲಿ. ಬೀಗದ ಕೈ ಎಲ್ಲಿತ್ತು? ನಿಮ್ಮ ಮನೆ ಮೊಳೆಯಲ್ಲಿ. ಹಾಗಾದ್ರೆ ಕತ್ತರಿಸಿದ್ದು ಯಾರು? ನಿಮ್ಮ ಮನೆ ಬೆಕ್ಕಾ?”

ಬಾಣ ಸರಿಯಾಗಿ ನಾಟಿತು. ಯಾಕೆಂದರೆ ಮೈಕ್ರೋಸ್ಕೋಪಿನಲ್ಲಿ ಅವಳು ಇನ್ನೊಂದು ಸಂಗತಿ ಕಂಡಿದ್ದಳು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಆ ಮರಿಗಳ ಬೆನ್ನ ಮೇಲಿನ ರೆಕ್ಕೆಚೀಲಗಳು ಕಾಡಿಗೆಯಂತೆ ಕಪ್ಪಾಗಿದ್ದವು. ನಾಳೆ ನಾಡಿದ್ದರಲ್ಲಿ ಹಾರಲಿರುವ ಮರಿಗೆ ಮಾತ್ರ ಚೀಲ ಹಾಗೆ ಕಪ್ಪಾಗುತ್ತದೆ. ಈ ಕೊರೆಯುವ ಚಳಿಯಲ್ಲಿ ತೂಬಿನ ಮಡುವಿನ ಯಾವ ಮರಿಯೂ ಹಾರಲು ಸಿದ್ಧವಾಗಿರುವುದಿಲ್ಲ. ಇವು ಎಲ್ಲೋ ಬೆಚ್ಚಗಿನ ನೀರಿನಲ್ಲಿ, ಹೊತ್ತಿಗೆ ಮುಂಚೆ ಬಲಿತವು.

ಅಂಥ ಬೆಚ್ಚಗಿನ ನೀರು ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅದನ್ನು ನುಂಗಿಕೊಂಡು ಅವಳು ಎದ್ದಳು. ಕೂತಿದ್ದ ಕುರ್ಚಿಯನ್ನು ಎಳೆದುಕೊಂಡು ಹೋಗಿ ಬಾಗಿಲಿಗೆ ಅಡ್ಡ ಹಾಕಿ, ಅದರಲ್ಲಿ ಮತ್ತೆ ಕೂತಳು.

“ಏನಿದು?”

“ಬೆಕ್ಕು ಅಂದ್ರಲ್ಲ, ಅಡ್ಡ ಬಂದಿದೆ. ಸಾಕ್ಷಿ ಕೆಡಿಸಿದಾರೆ ಅಂತ ನಿಮ್ಮ ಕಣ್ಣಲ್ಲೇ ನೋಡಿದೀರಿ. ನೋಡಿಯೂ ನನ್ನ ತಮ್ಮನ್ನ ವ್ಯಾನ್ ಹತ್ತಿಸ್ತೀರಾದ್ರೆ ಮೊದಲು ನನ್ನನ್ನ ಎತ್ತಿ ಹತ್ತಿಸಿ. ನಾನೇನು ಹಗುರ ಇಲ್ಲ, ಇಬ್ಬರು ಬೇಕಾಗುತ್ತೆ.”

“ಕಾನೂನಿಗೆ ಅಡ್ಡಿ ಮಾಡ್ತಿದೀರಿ ಅಮ್ಮಾ.”

“ಕಾನೂನು ಎಲ್ಲಿದೆ ತೋರಿಸಿ, ಅದಕ್ಕೆ ದಾರಿ ಬಿಡ್ತೀನಿ.”

ಮುಂದಿನ ಮೊಗಸಾಲೆಯ ಸರಳುಗಳ ಆಚೆಯಿಂದ ತಮ್ಮನ ದನಿ ಬಂತು. “ಅಕ್ಕಾ, ಸಾಕು ಬಿಡೇ. ಹೋಗಿಬಿಡ್ತೀನಿ.”

“ನೀನು ಬಾಯಿ ಮುಚ್ಚು. ಚಿಕ್ಕಂದಿನಿಂದ ನಿಂದು ಇದೇ ಆಯ್ತು, ಯಾರು ಕಿವಿ ಹಿಂಡಿದ್ರೂ ಇನ್ನೊಂದು ಕಿವಿ ಕೊಡೋದು.”

ಆಗ ಡಾಕ್ಟರು ಕೆಮ್ಮಿದರು. ಅವರು ಸತ್ತವರ ಜೊತೆ ಬೆರೆತಷ್ಟು ಸಲೀಸಾಗಿ ಬದುಕಿದ್ದವರ ಜೊತೆ ಬೆರೆಯದ ಮನುಷ್ಯ. “ನಾನು ಒಂದು ಮಾತು... ಕಾಲುಚೀಲದಿಂದ ನಾನು ತೆಗೆದಾಗ ಅವು ಚಪ್ಪಟೆ ಇದ್ವು ಅನ್ಸುತ್ತೆ. ಜೀವ ಇತ್ತು. ಚಿಮಟಕ್ಕೇ ಅವುಚಿಕೊಂಡು ಬಿಡಲೇ ಇಲ್ಲ. ನೆನಪಿದೆ, ಯಾಕಂದ್ರೆ ನನ್ನ ಮೇಜಿನ ಮೇಲೆ ಏನೂ ಹಾಗೆ ಹಿಡ್ಕೊಳ್ಳಲ್ಲ.”

“ಅನ್ಸುತ್ತೆ ಅನ್ನೋದು ಸಾಕ್ಷಿ ಅಲ್ಲ ಡಾಕ್ಟ್ರೇ,” ಎಂದರು ಇನ್ಸ್‌ಪೆಕ್ಟರು.

“ಅಲ್ಲ, ಅಲ್ಲ. ಆದ್ರೆ ನಾನು ಬಿಚ್ಚಿದ್ದು ಬಲಗಾಲಿನ ಬೂಟು ಮಾತ್ರ. ಎಡಗಾಲಿಂದು ನೆನೆದು ಗಂಟು ಬಿಗಿದಿತ್ತು. ಕಾಲುಚೀಲದ ಸಮೇತ ಎಳೆದು ಹಾಗೇ ತಣ್ಣನೆ ಪೆಟ್ಟಿಗೆಯಲ್ಲಿ ಇಟ್ಟಿದೀನಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಕೋಣೆಯಲ್ಲಿ ಗಾಳಿ ಬದಲಾಯಿತು. ಹುಳದಕ್ಕನಿಗೆ ಅವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಕಪಾಳಕ್ಕೆ ಹೊಡೆಯಬೇಕು ಅಂತಲೂ ಅನ್ನಿಸಿತು.

ಇನ್ಸ್‌ಪೆಕ್ಟರು ಟೋಪಿಯನ್ನು ಮತ್ತೆ ಮೇಜಿನ ಮೇಲಿಟ್ಟರು. ಹೊರಗೆ ಯಾರಿಗೋ ಕೈಸನ್ನೆ ಮಾಡಿದರು. ವ್ಯಾನಿನ ಗೊರಗೊರ ನಿಂತಿತು. “ನಾಳೆ ಬೆಳಗ್ಗೆ. ಎಲ್ಲರ ಮುಂದೆ ಬಿಚ್ಚೋಣ. ಅದರಲ್ಲೂ ಮಡುವಿನ ಹುಳ ಇದ್ರೆ, ಅಮ್ಮಾ, ನೀವೇ ತಮ್ಮನ ಕೈ ಹಿಡಿದು ವ್ಯಾನ್ ಹತ್ತಿಸಬೇಕು. ಅಲ್ಲಿವರೆಗೆ ಬೂಟು ಠಾಣೆಯಲ್ಲಿರುತ್ತೆ.”

“ಇಲ್ಲಿ ಬೇಡ.”

“ಯಾಕೆ, ನನ್ನ ಮೇಲೆ ಅನುಮಾನಾನಾ?”

“ನಿಮ್ಮ ಮೇಲೂ ಇದೆ. ಕಥೆ ಕಟ್ಟಿದೋರು ನೀವು. ಕಟ್ಟಿದೋನ ಕೈಗೇ ಕತ್ತರಿ ಕೊಡಲಾ? ಆಸ್ಪತ್ರೆಯಲ್ಲೂ ಬೇಡ, ಅಲ್ಲಿ ಯಾರು ಬೇಕಾದ್ರೂ ಹೋಗ್ತಾರೆ, ಬರ್ತಾರೆ. ನನ್ನ ಮನೆಯಲ್ಲಂತೂ ಬೇಡ, ಬೆಕ್ಕಿದೆ.” ಅವಳು ತಿರುಗಿದಳು. “ಮೇಷ್ಟ್ರ ಕೈಗೆ ಕೊಡಿ. ಅವರ ಲ್ಯಾಬಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡಲಿ.”

“ನನಗ್ಯಾಕಮ್ಮ ಈ ಹೊಣೆ?” ಮೇಷ್ಟ್ರು ಕೈ ಝಾಡಿಸಿದರು. “ಈಗಷ್ಟೇ ತಪ್ಪು ಹೇಳಿದೀನಿ.”

“ತಪ್ಪು ಅಂತ ಒಪ್ಪಿಕೊಂಡೋರು ಇಲ್ಲಿ ನೀವೊಬ್ಬರೇ. ಅದಕ್ಕೇ.”

ಡಾಕ್ಟರು ಆಸ್ಪತ್ರೆಯಿಂದ ತಂದ ಬೂಟಿಗೆ ಚೀಲ ಕಟ್ಟಿ, ಅರಗು ಹಾಕಿ, ಎಲ್ಲರೂ ನೋಡುತ್ತಿದ್ದಂತೆ ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ಅದನ್ನು ಎದೆಗೆ ಅವುಚಿಕೊಂಡು ಮೊಗಸಾಲೆ ದಾಟಿದರು. ಸರಳಿನ ಹಿಂದೆ ನಿಂತಿದ್ದ ತಮ್ಮ ಅವರನ್ನು ಕಂಡೊಡನೆ ಗೋಡೆಯ ಕಡೆ ಮುಖ ತಿರುಗಿಸಿದ. ನಾಚಿಕೆ ಎಂದುಕೊಂಡಳು ಹುಳದಕ್ಕ.

*

ಬೀದಿ ದೀಪಗಳು ಹತ್ತುವ ಮೊದಲೇ ಅವಳು ಮನೆ ಸೇರಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಕೆಲಸದ ಕೋಣೆ: ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಅವಳ ಸ್ವಂತ ಮೈಕ್ರೋಸ್ಕೋಪು, ಬಿಳಿ ತಟ್ಟೆಗಳು. ಅಡುಗೆಮನೆಯ ಒಲೆಗೆ ಬೆನ್ನು ಕೊಟ್ಟ ಗೋಡೆಯ ಪಕ್ಕ ಗಾಜಿನ ತೊಟ್ಟಿ.

ಮರಿಯನ್ನು ನೋಡಿ ಜಾತಿ ಹೇಳಿದರೆ ಅರ್ಧ ಸತ್ಯ. ಸಾಕಿ, ರೆಕ್ಕೆ ಬರಿಸಿ, ಆಮೇಲೆ ಹೇಳಿದರೆ ಪೂರ್ತಿ. ಅದಕ್ಕೆಂದೇ ಅವಳು ಮಡುವಿನ ಮರಿಗಳನ್ನು ತಂದು ಆ ತೊಟ್ಟಿಯಲ್ಲಿ ಸಾಕುತ್ತಿದ್ದಳು. ಒಲೆಯ ಕಾವಿಗೆ ಅವು ಚಳಿಗಾಲದಲ್ಲೂ ಬೇಗ ಬಲಿಯುತ್ತಿದ್ದವು.

ತೊಟ್ಟಿಯಲ್ಲಿ ಮೊನ್ನೆಯವರೆಗೆ ಮರಿಗಳು ಕಿಕ್ಕಿರಿದಿದ್ದವು. ಈಗ ಪಾಚಿಯ ಸಂದಿಯಲ್ಲಿ ಎಳೆಯ, ಬಿಳಿಚೀಲದ ಕೆಲವು ಉಳಿದಿದ್ದವು. ಕಪ್ಪು ಚೀಲದ್ದು ಒಂದೂ ಇರಲಿಲ್ಲ. ದೊಡ್ಡವನ್ನೇ ಹೆಕ್ಕಿದ್ದರು, ಕತ್ತರಿ ಹಿಡಿಯಲು ಸುಲಭವಾಗಲಿ ಎಂದು.

ಹಾರಿಹೋಗಿದ್ದರೆ ಕಿಟಕಿಯ ಮೇಲೆ ಅವು ಕಳಚಿದ ಪೊರೆಗಳಿರಬೇಕಿತ್ತು. ಕಿಟಕಿ ಸ್ವಚ್ಛವಾಗಿತ್ತು.

ಹುಳದಕ್ಕ ನಡುಮನೆಗೆ ಹೋದಳು. ಮಂಚದ ಮೇಲೆ ತಮ್ಮನ ಹೆಂಡತಿಯ ಕಸೂತಿ ಡಬ್ಬಿ ಇತ್ತು. ಕಸೂತಿಯಲ್ಲಿ ಅವಳ ಕೈ ಎಂಥದೆಂದರೆ, ಬಟ್ಟೆಯ ಒಂದೇ ಎಳೆಯನ್ನು ಪಕ್ಕದ್ದಕ್ಕೆ ಗೊತ್ತಾಗದಂತೆ ಕತ್ತರಿಸಿ ತೆಗೆಯಬಲ್ಲಳು. ಡಬ್ಬಿಯಲ್ಲಿ ಬಾಗಿದ ಮೂಗಿನ ಪುಟ್ಟ ಕತ್ತರಿ. ಅದರ ಕೀಲಿನಲ್ಲಿ ಏನೋ ಒಂದು ಕೂದಲು.

“ಅತ್ತಿಗೆ?” ಅಡುಗೆಮನೆಯ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತಿದ್ದಳು. “ಏನಾಯ್ತು? ಕರ್ಕೊಂಡು ಹೋದ್ರಾ ಅವರನ್ನ?”

“ಇಲ್ಲ. ನಾಳೆವರೆಗೆ ನಿಲ್ಲಿಸಿದೆ.”

ಸಂತೋಷಪಡಬೇಕಾದ ಮುಖ ಸುಣ್ಣದಂತಾಯಿತು. ಹುಳದಕ್ಕ ಅದನ್ನು ನೋಡಿದಳು. ಏನೂ ಹೇಳದೆ ಕತ್ತರಿಯನ್ನು ಹಿಡಿದು ಮುಂದಿನ ಕೋಣೆಗೆ ನಡೆದಳು. ಮೈಕ್ರೋಸ್ಕೋಪಿನ ಕೆಳಗೆ ಕೀಲನ್ನಿಟ್ಟು ದೀಪ ಹಾಕಿದಳು. ತಮ್ಮನ ಹೆಂಡತಿ ಹಿಂದೆಯೇ ಬಂದಳು.

“ಅದು ದಾರದ ಎಳೆ ಅತ್ತಿಗೆ. ಕಸೂತಿದು.”

“ದಾರ ಆದ್ರೆ ನುಣ್ಣಗಿರುತ್ತೆ. ಬಾಲ ಆದ್ರೆ ಉಂಗುರ ಉಂಗುರ ಇದ್ದು ಅಂಚಿಗೆ ರೋಮ ಇರುತ್ತೆ. ನೋಡೇಬಿಡೋಣ.”

ಕಣ್ಣಿಟ್ಟಳು. ಎರಡು ಚಂದ್ರರು.

ಅವಳ ಕೈ ಅಭ್ಯಾಸದಿಂದ ಕೊಳವೆಗಳನ್ನು ಒತ್ತಲು ಹೋದದ್ದು ಅರ್ಧಕ್ಕೇ ನಿಂತಿತು.

ಇದು ಅವಳ ಮೈಕ್ರೋಸ್ಕೋಪು. ಈ ಮನೆಯಲ್ಲಿ ಬೇರೆ ಯಾರೂ ಇದರ ಗೊಡವೆಗೆ ಬರುವುದಿಲ್ಲ. ನಿನ್ನೆ ತಮ್ಮನನ್ನು ನೋಡಲು ಠಾಣೆಗೆ ಹೊರಡುವ ಮುಂಚೆ ಇದರಲ್ಲಿ ಕೆಲಸ ಮಾಡಿದ್ದಳು. ಆಗ ಚಂದ್ರ ಒಂದೇ ಇತ್ತು. ಅವಳು ಇಲ್ಲದಾಗ ಯಾರೋ ಇಲ್ಲಿ ಕೂತಿದ್ದಾರೆ. ಕೂತು, ಕೊಳವೆಗಳನ್ನು ತಮ್ಮ ಕಣ್ಣಿಗೆ ತಕ್ಕಂತೆ ಎಳೆದುಕೊಂಡಿದ್ದಾರೆ. ಕತ್ತರಿಯ ಕೆಲಸ ಅಚ್ಚುಕಟ್ಟಾಗಿದೆಯೇ ಎಂದು ಒಂದೊಂದನ್ನೂ ನೋಡಿದ್ದಾರೆ.

ಎರಡು ಕಣ್ಣಿನ ನಡುವೆ ಇನ್ನೊಂದು ಮೂಗು ಕೂರುವಷ್ಟು ಜಾಗ ಇರುವವರು. ಕೈ ನಡುಗುವುದರಿಂದ ಕತ್ತರಿಯನ್ನು ತಾವು ಹಿಡಿಯಲಾಗದವರು.

“ಯಾರು ಬಂದಿದ್ರು ನಿನ್ನೆ?” ಅವಳ ದನಿ ಅವಳಿಗೇ ಬೇರೆಯವರದಂತೆ ಕೇಳಿಸಿತು.

ತಮ್ಮನ ಹೆಂಡತಿ ನೆಲಕ್ಕೆ ಕುಸಿದಳು. “ನಮ್ಮನೆಯವರು ಏನೋ ನೋಡಿದಾರಂತೆ ಅತ್ತಿಗೆ, ತೂಬಿನ ಹತ್ರ. ಜೈಲಿನಲ್ಲಿದ್ರೆ ಬದುಕಿರ್ತಾರಂತೆ. ಹೊರಗೆ ಬಂದ್ರೆ ಕಾವಲುಗಾರನ ಗತಿಯೇ ಅಂತೆ. ಜೈಲಲ್ಲಿದ್ರೂ ಗಂಡ ಗಂಡನೇ. ಹೆಣ ತಗೊಂಡು ನಾನೇನು ಮಾಡಲಿ? ಕತ್ತರಿಸು ಅಂದ್ರು, ಕತ್ತರಿಸಿದೆ.”

“ಅಂದೋರು ಯಾರು?”

“ಹೇಳಿದ್ರೆ ನೀವು ನಂಬಲ್ಲ.”

“ಹಾಗಾದ್ರೆ ಹೇಳಬೇಡ,” ಎಂದಳು ಹುಳದಕ್ಕ. “ನಂಬಿ ಆಯ್ತು.”

ನಂಬಿ ಆಗಿತ್ತು. ನಂಬಿಯೇ ಆ ಬೂಟನ್ನು, ತಮ್ಮನ ಕೊನೆಯ ಸಾಕ್ಷಿಯನ್ನು, ಹಟ ಹಿಡಿದು, ಬಾಗಿಲಿಗೆ ಅಡ್ಡ ಕೂತು, ಅವರ ಕೈಗೇ ಕೊಡಿಸಿದ್ದಳು. ಉಳಿದವರನ್ನೆಲ್ಲ ಅನುಮಾನಿಸಿದ ಬಾಯಿಂದಲೇ.

ಗೋಡೆಯ ಫೋನು ರಿಂಗಣಿಸಿತು. ತಮ್ಮನ ಹೆಂಡತಿ ಬೆಚ್ಚಿ ಮುದುಡಿದಳು. ಹುಳದಕ್ಕ ಫೋನೆತ್ತಿದಳು.

“ಮನೆ ಸೇರಿದೆಯಾ ಮಗಳೇ?” ಮೇಷ್ಟ್ರ ದನಿ ಎಂದಿನಂತೆ ಬೆಚ್ಚಗಿತ್ತು. “ಬೂಟು ಭದ್ರವಾಗಿದೆ, ಯೋಚನೆ ಮಾಡಬೇಡ. ನಿನ್ನ ತಮ್ಮನ ಹೆಂಡತಿ ಹೇಗಿದಾಳೆ? ಪಾಪ, ಕುಗ್ಗಿಹೋಗಿರ್ತಾಳೆ. ಒಂದು ಗಳಿಗೆ ಇಲ್ಲಿಗೆ ಕಳಿಸು, ನಾಲ್ಕು ಮಾತು ಧೈರ್ಯ ಹೇಳ್ತೀನಿ. ಬರುವಾಗ ಅವಳ ಹೊಲಿಗೆ ಡಬ್ಬಿ ತರಲಿ. ನನ್ನ ಕೋಟಿನ ಗುಂಡಿ ಕಿತ್ತುಹೋಗಿದೆ.”

ಹುಳದಕ್ಕ ಮೈಕ್ರೋಸ್ಕೋಪಿನ ಕೆಳಗಿನಿಂದ ಪುಟ್ಟ ಕತ್ತರಿಯನ್ನು ತೆಗೆದುಕೊಂಡಳು. ಕೀಲಿನ ಬಾಲ ಅಲುಗದಂತೆ ಅದನ್ನು ಕರವಸ್ತ್ರದಲ್ಲಿ ಸುತ್ತಿದಳು. ಇನ್ನೊಂದು ಕೈಯಿಂದ ತಮ್ಮನ ಹೆಂಡತಿಯ ಭುಜವನ್ನು ಗಟ್ಟಿಯಾಗಿ ಅದುಮಿದಳು.

“ಅವಳು ಬರಲ್ಲ ಮೇಷ್ಟ್ರೇ,” ಎಂದಳು. “ನಾನೇ ಬರ್ತಿದೀನಿ. ಕತ್ತರಿ ನನ್ನ ಕೈಯಲ್ಲೇ ಇದೆ.”

ಆ ತುದಿಯಲ್ಲಿ ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಅದರ ಹಿಂದೆಯೇ, ಸ್ವಲ್ಪ ದೂರದಲ್ಲಿ, ಚೀಲದ ಅರಗು ಒಡೆದ ಸದ್ದು, ಆಮೇಲೆ ನಲ್ಲಿಯನ್ನು ಪೂರ್ತಿ ತಿರುವಿದಾಗ ನೀರು ಧೋ ಎಂದು ಸುರಿಯುವ ಸದ್ದು.